ಬೀಳುವುದಕ್ಕೆ ಒಬ್ಬರು ಬೇಕಾಗಿತ್ತು

ನನ್ನ ಬದುಕಿನ ನಾಲ್ಕು ವರ್ಷ ನಾನು ಒಂದೇ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದೆ. ವಾಕ್ಯದಲ್ಲಿ ಕರ್ತೃ ಯಾರು? ಮದುವೆ ಮನೆಗಳಲ್ಲಿ ನೆಂಟರು "ಪಿಎಚ್‌ಡಿ ಯಾವುದ್ರ ಮ್ಯಾಲೆ ಮಾಡ್ತಿದೀಯಮ್ಮ?" ಎಂದು ಕೇಳಿದಾಗ ಇದನ್ನೇ ಹೇಳುತ್ತಿದ್ದೆ. ಕೇಳಿದವರು "ಅದು ಆರನೇ ಕ್ಲಾಸಲ್ಲೇ ಬತ್ತೈತಲ್ಲ?" ಎಂದು ಪಾಯಸದ ಕಡೆ ತಿರುಗುತ್ತಿದ್ದರು.

ಅವರ ತಪ್ಪೇನೂ ಇಲ್ಲ. ಆರನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದೂ ಅಷ್ಟೇ. ಕ್ರಿಯಾಪದದ ಮುಂದೆ ನಿಂತು 'ಯಾರು?' ಎಂದು ಕೂಗು, ಓಗೊಟ್ಟವನೇ ಕರ್ತೃ. ಹಾಜರಿ ಕರೆದಷ್ಟು ಸುಲಭ. ತಾಪತ್ರಯ ಶುರುವಾಗುವುದು ಒಬ್ಬರ ಬದಲು ಇಬ್ಬರು ಓಗೊಟ್ಟಾಗ.

ಕರ್ತೃ ಎನ್ನುವ ಒಂದು ಕುರ್ಚಿಯಲ್ಲಿ ನಿಜವಾಗಿ ಮೂರು ಜನ ಒತ್ತಿಕೊಂಡು ಕೂತಿರುತ್ತಾರೆ. ಕೆಲಸ ಮಾಡಿದವರು ಒಬ್ಬರು, ಯಾರ ಸುದ್ದಿ ನಡೆಯುತ್ತಿದೆಯೋ ಅವರೊಬ್ಬರು, ಕ್ರಿಯಾಪದ ಯಾರಿಗೆ ತಕ್ಕಂತೆ ತನ್ನ ಕೊನೆಯನ್ನು ಬದಲಿಸಿಕೊಳ್ಳುತ್ತದೋ ಅವರೊಬ್ಬರು. 'ತಮ್ಮ ಕಾಯಿ ಕೆಡವಿದ' ಎಂದರೆ ಜಗಳವಿಲ್ಲ, ಮೂರೂ ತಮ್ಮನೇ. 'ತಮ್ಮನಿಗೆ ಜ್ವರ ಬಂತು' ಎಂದು ನೋಡಿ. ಕ್ರಿಯಾಪದ ಜ್ವರದ ಹಿಂದೆ ಹೋಯಿತು, ಸುದ್ದಿ ತಮ್ಮನದು, ಮಾಡಿದವರು ಯಾರೂ ಇಲ್ಲ. 'ತಮ್ಮನಿಗೆ ತನ್ನ ಮನೆಯೇ ಇಷ್ಟ' ಎನ್ನುವಾಗಲೂ ತಮ್ಮನಿಗೆ 'ಗೆ' ಅಂಟಿದೆ, ನೋಡಲು ಕರ್ತೃವಿನಂತಿಲ್ಲ. ಆದರೆ 'ತನ್ನ' ಎಂಬ ಮಾತು ಯಾರನ್ನೂ ಕೇಳದೆ ಹೋಗಿ ಅವನನ್ನೇ ಹಿಡಿಯುತ್ತದೆ.

ನಮ್ಮ ಭಾಷೆಯದೇ ಇಷ್ಟು ಗೋಳು. ಹೊರಗಿನ ಭಾಷೆಗಳಲ್ಲಿ ಇನ್ನೂ ಮಜಾ ಇದೆ. ಕೆಲವು ಭಾಷೆಗಳಲ್ಲಿ ಬಿದ್ದವನೂ ಏಟು ತಿಂದವನೂ ಒಂದೇ ಪಂಕ್ತಿ. ಏಟು ಕೊಟ್ಟವನನ್ನು ಮಾತ್ರ ಹಣೆಗೊಂದು ಗುರುತು ಹಚ್ಚಿ ಬೇರೆ ಕೂರಿಸುತ್ತಾರೆ. ಆ ಗುರುತೂ ಕೆಲವು ಕಡೆ 'ಅವನು', 'ಅವಳು' ಎನ್ನುವವರಿಗೆ ಉಂಟು, 'ನಾನು', 'ನೀನು' ಎನ್ನುವವರಿಗೆ ಇಲ್ಲ. ಕೆಲವು ದ್ವೀಪಗಳ ಭಾಷೆಯಲ್ಲಿ ಇವತ್ತಿನ ಮಾತಿಗೆ ಮುಖ್ಯರು ಯಾರು ಎಂದು ಕ್ರಿಯಾಪದವೇ ವೇಷ ಬದಲಿಸಿ ತೋರಿಸುತ್ತದೆ. ಮಾಡಿದವನು ಇರಬಹುದು, ಮಾಡಿಸಿಕೊಂಡ ವಸ್ತು ಇರಬಹುದು, ನಡೆದ ಜಾಗವೂ ಇರಬಹುದು. ಹಾಗಾದರೆ ಎಲ್ಲ ಭಾಷೆಗೂ ಹೊಂದುವ ಕರ್ತೃ ಎಂಬುದೊಂದು ಇದೆಯೋ, ಅಥವಾ ಅದು ಬೇರೆ ಬೇರೆ ಗುಣಗಳನ್ನು ಕಟ್ಟಿದ ಒಂದು ಕಂತೆಯೋ? ಇದು ನನ್ನ ಗೈಡ್ ತಲೆಗೆ ಹೊಕ್ಕಿದ್ದ ಹುಳ. ಅವರು ಅದನ್ನು ನನಗೂ ಬಿಟ್ಟರು.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ವರ್ಷವರ್ಷವೂ 'ಈ ಸಲ ಕರೀತಾರೋ ಇಲ್ಲವೋ' ಎಂದು ಕಾಯುವವಳು. ಪಿಎಚ್‌ಡಿ ಮುಗಿದಿದ್ದರೆ ಕರೆಯುತ್ತಾರೆ, ಇಲ್ಲದಿದ್ದರೆ ಮುಗಿದವರನ್ನು ಕರೆಯುತ್ತಾರೆ. ನನಗೆ ಕೊಟ್ಟ ಹೆಚ್ಚುವರಿ ಅವಧಿಯೂ ಮುಗಿಯುತ್ತಾ ಬಂದಿತ್ತು. ಆ ವರ್ಷ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ನಾಲ್ಕು ವರ್ಷ ಹೊಳೆಗೆ ಹಾಕಿದ ಹಾಗೆ.

ಬಾಕಿ ಇದ್ದದ್ದು ಒಂದೇ ಕೆಲಸ. ಗೈಡ್ ನೂರು ಚಿಲ್ಲರೆ ವಾಕ್ಯಗಳ ಒಂದು ಪಟ್ಟಿ ಮಾಡಿದ್ದರು. ಬೇರೆ ಬೇರೆ ಭಾಷೆಗಳ ಮೇಲೆ ಕೆಲಸ ಮಾಡುವ ಅವರ ವಿದ್ಯಾರ್ಥಿಗಳೆಲ್ಲ ಅದೇ ವಾಕ್ಯಗಳನ್ನು ಅಲ್ಲಲ್ಲಿನ ಜನರ ಬಾಯಲ್ಲಿ ಹೇಳಿಸಿ ತರಬೇಕು, ಆಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ನನ್ನ ಪಾಲಿಗೆ ಬಂದದ್ದು ನಮ್ಮ ಕಡೆಯ ಆಡುಮಾತು. ಇದೇನು ಮಹಾ, ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ನೊಣವಿನಕೆರೆ ಬಸ್ಸು ಹತ್ತಿ ದೊಡ್ಡಮ್ಮನ ಮನೆಗೆ ಹೋದೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಮಾತು ಕೇಳಿದರೆ ಸುಲಿದ ಎಳನೀರಿನ ಹಾಗೆ, ಪಟ್ಟಣದ ಸೋಂಕಿಲ್ಲ. ನನ್ನ ಪ್ರಬಂಧಕ್ಕೆ ಬೇಕಾದದ್ದೂ ಅದೇ. ಮನೆಯಲ್ಲಿ ಅವಳು, ದೊಡ್ಡಪ್ಪ, ಮತ್ತು ಅವರ ಮಗ. ಈ ತಮ್ಮನಿಗೆ ಮರ ಹತ್ತುವುದೇ ಕೆಲಸ. ಹತ್ತುವ ಮೆಷಿನ್ನನ್ನು ಬೈಕಿಗೆ ಕಟ್ಟಿಕೊಂಡು ಇತ್ತ ತುರುವೇಕೆರೆ, ಅತ್ತ ದಂಡಿನಶಿವರದವರೆಗೂ ಕಾಯಿ ಕೆಡವಲು ಹೋಗುತ್ತಾನೆ.

ನಾನು ಹೋದಾಗ ದೊಡ್ಡಮ್ಮ ಅಂಗಳದಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದಳು. ಎದುರಿಗೆ ಮೊಬೈಲ್ ಇಟ್ಟು ರೆಕಾರ್ಡಿಂಗ್ ಒತ್ತಿದೆ.

"ದೊಡ್ಡಮ್ಮ, ನಾನೊಂದು ವಾಕ್ಯ ಹೇಳ್ತೀನಿ. ನೀನು ಅದನ್ನ ನಿನ್ನ ಮಾತಲ್ಲಿ ಹೇಳು. 'ಅವನು ಮರದಿಂದ ಬಿದ್ದನು.'"

ಕಡ್ಡಿ ಸೀಳುತ್ತಿದ್ದ ಕೈ ನಿಂತಿತು. "ಯಾರು?"

"ಯಾರೋ ಒಬ್ಬ."

"ಯಾರೋ ಅಂದ್ರೆ? ಯಾವೂರನು?"

"ಯಾರೂ ಬಿದ್ದಿಲ್ಲ ದೊಡ್ಡಮ್ಮ, ಇದು ಸುಮ್ನೆ ವಾಕ್ಯ."

"ಸುಮ್ನೆ ಯಾಕೇ ಬೀಳಿಸ್ತೀಯ? ಮಗ ಬೆಳಗಾದ್ರೆ ಮರ ಹತ್ತೋ ಮನೆಯಾಗೆ ಕೂತ್ಕಂಡು ಆಡೋ ಮಾತೇನೇ ಇದು? ಮ್ಯಾಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ."

ಅಸ್ತು ದೇವತೆಗಳ ಪರಿಚಯ ನಮ್ಮ ಕಡೆ ಮಕ್ಕಳಿಗೂ ಉಂಟು. ಅವರಿಗೆ ಬೇರೆ ಉದ್ಯೋಗವಿಲ್ಲ. ಮನೆಗಳ ಮೇಲೆ ಸುಳಿದಾಡುತ್ತಾ, ಕೆಳಗೆ ಯಾರು ಏನೇ ಅಂದರೂ 'ಅಸ್ತು' ಎಂದುಬಿಡುತ್ತಾರೆ. ಅಂದದ್ದು ಆಗಿಬಿಡುತ್ತದೆ. ಅದಕ್ಕೇ ದೊಡ್ಡಮ್ಮನ ಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಮನೆ ಬಿಟ್ಟು ಹೊರಟವರು 'ಬತ್ತೀನಿ' ಅನ್ನದೆ ಹೊಸಿಲು ದಾಟುವ ಹಾಗಿಲ್ಲ. ಇಂಥ ಮನೆಗೆ ನಾನು ಗೈಡ್ ಕೊಟ್ಟ ಪಟ್ಟಿ ಹಿಡಿದು ಬಂದಿದ್ದೆ.

ಪಟ್ಟಿಯ ವಿಚಾರ ಸ್ವಲ್ಪ ಹೇಳಬೇಕು. ಅದರ ತುಂಬ ಅನಾಹುತ. ಅವನು ಅವಳನ್ನು ತಳ್ಳಿದನು. ಅವಳು ಏಣಿಯಿಂದ ಬಿದ್ದಳು. ನಾಯಿ ಹುಡುಗನನ್ನು ಕಚ್ಚಿತು. ಮುದುಕಿ ನೀರಿನಲ್ಲಿ ಮುಳುಗಿದಳು. ಗಂಡ ಹೆಂಡತಿಗೆ ಹೊಡೆದನು. ಎಮ್ಮೆ ಸತ್ತಿತು. ಭಾಷಾವಿಜ್ಞಾನಿಗಳು ಕ್ರೂರಿಗಳೇನಲ್ಲ. ಕರ್ತೃ ಯಾರೆಂದು ಗೊತ್ತಾಗಬೇಕಾದರೆ ಒಬ್ಬರು ಏನಾದರೂ ಮಾಡಬೇಕು, ಇನ್ನೊಬ್ಬರಿಗೆ ಏನಾದರೂ ಆಗಬೇಕು. ಸುಖವಾಗಿ ಊಟ ಮಾಡಿ ಮಲಗಿದವರಿಂದ ವ್ಯಾಕರಣಕ್ಕೆ ಹೆಚ್ಚು ಉಪಯೋಗವಿಲ್ಲ.

ದೊಡ್ಡಮ್ಮ ಪಟ್ಟಿಯನ್ನೇ ರಿಪೇರಿ ಮಾಡತೊಡಗಿದಳು. 'ಅವನು ಮರದಿಂದ ಬಿದ್ದನು' ಎಂದರೆ "ಅವ್ನು ಮರದಿಂದ ಹುಷಾರಾಗಿ ಇಳ್ದ" ಎಂದಳು. 'ನಾಯಿ ಹುಡುಗನನ್ನು ಕಚ್ಚಿತು' ಎಂದರೆ "ನಾಯಿ ಹುಡುಗನ್ನ ಮೂಸ್ಕಂಡು ಹೋಯ್ತು" ಎಂದಳು. 'ಗಂಡ ಹೆಂಡತಿಗೆ ಹೊಡೆದನು' ಎಂದಾಗ ವಿಚಾರಣೆಯೇ ಶುರುವಾಯಿತು. ಯಾಕೆ ಹೊಡೆದ, ಕುಡೀತಾನಾ, ಅವಳ ತವರಿನವರು ಏನು ಮಾಡುತ್ತಿದ್ದಾರೆ. ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ದೊಡ್ಡಪ್ಪ ತಲೆ ಎತ್ತಿದರು. "ಏನಂತೆ? ನಾನು ಹೊಡೆದ್ನಂತಾ?"

"ನೀವಲ್ಲ ಕಣ್ರೀ, ಇವಳ ಕಾಲೇಜಿನೋರು ಯಾರೋ" ಎಂದಳು ದೊಡ್ಡಮ್ಮ.

ಎರಡನೇ ಸಲ ಹೋದಾಗ ಇನ್ನೊಂದು ಅವಾಂತರವಾಯಿತು. ಆವತ್ತೂ ಒಂದು ವಾಕ್ಯ ಸಿಗದೆ ಪೆಚ್ಚಾಗಿ ಅಂಗಳದಲ್ಲಿ ಕೂತು ರೆಕಾರ್ಡಿಂಗ್ ಪರೀಕ್ಷಿಸುತ್ತಿದ್ದೆ. ಮೊಬೈಲಿನಲ್ಲಿ ನನ್ನದೇ ಗಂಟಲು 'ಎಮ್ಮೆ ಸತ್ತಿತು, ಎಮ್ಮೆ ಸತ್ತುಹೋಯಿತು' ಎಂದು ಎರಡು ಮೂರು ಸಲ ಕೂಗಿತು. ಬೇಲಿಯಾಚೆ ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದಳು. ಐದು ನಿಮಿಷಕ್ಕೆ ಸೆರಗಿನಲ್ಲಿ ಮೂಗೊರಸಿಕೊಳ್ಳುತ್ತಾ ಬಂದಳು.

"ಅಯ್ಯೋ, ಎಮ್ಮೆ ಹೋಯ್ತಂತಲ್ಲ ಕಣಕ್ಕಾ! ಎಂಥಾ ಸಾಧು ಜೀವ ಅದು!"

ಆ ಸಾಧು ಜೀವ ಅವಳ ಬೆನ್ನ ಹಿಂದೆಯೇ ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಅವಳು ಅದನ್ನು ತಿರುಗಿ ನೋಡಿ ನಾಚಿಕೊಂಡಳು, ಆದರೆ ಸುದ್ದಿ ಅಷ್ಟರಲ್ಲಿ ಬೀದಿ ದಾಟಿಯಾಗಿತ್ತು. ತಿಪಟೂರಿನ ತಾಲ್ಲೂಕು ಆಫೀಸಿಗೆ ಹೋಗಿದ್ದ ದೊಡ್ಡಪ್ಪನಿಗೆ ಅಲ್ಲಿಗೇ ಯಾರೋ ಫೋನ್ ಮಾಡಿ, ಗುಂಡಿ ತೆಗೆಯಲು ಜೆಸಿಬಿ ಕಳಿಸಲೇ ಎಂದು ಕೇಳಿದ್ದರಂತೆ.

ದೊಡ್ಡಮ್ಮ ಉಪ್ಪು ಮೆಣಸಿನಕಾಯಿ ತಂದು ಎಮ್ಮೆಗೆ ದೃಷ್ಟಿ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೋಡ್ದೇನೇ? ಕೆಳಗಿರೋ ಜನಾನೇ ಇಷ್ಟು ಬೇಗ ಅಸ್ತು ಅಂದ್ರು. ಮ್ಯಾಲಿನೋರಿಗೆ ಎಷ್ಟೊತ್ತು?"

ನನಗೆ ಸಿಟ್ಟು ಬೇಗ. ಆವತ್ತು ಬಂದದ್ದು ಸಿಟ್ಟಲ್ಲ, ಹೊಟ್ಟೆಪಾಡಿನ ಭಯ. ಪಟ್ಟಿಯನ್ನು ಜಗುಲಿಯ ಮೇಲೆ ಬಿಸಾಕಿ ಕೂಗಾಡಿದೆ. "ನಿನ್ನ ದೇವತೆಗಳಿಗೆ ನನ್ನ ಕೆಲಸ ಹೋದರೆ ಏನು? ಈ ವರ್ಷ ಪ್ರಬಂಧ ಕೊಡದಿದ್ರೆ ಎಲ್ಲಾ ಮುಗೀತು. ಮತ್ತೆ ಯಾರೂ ಕರೆಯಲ್ಲ ನನ್ನ. ಮನೇಲಿ ಕೂತು ಕಡ್ಡಿ ಸೀಳಬೇಕು, ಅಷ್ಟೇ." ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಮಕ್ಕಳಿಗೆ ಪಾಠ ಹೇಳುವ ಹೆಂಗಸು ಎಮ್ಮೆಯ ಎದುರು ನಿಂತು ಅತ್ತೆ. ಕಡ್ಡಿ ಸೀಳುವವಳ ಮುಂದೆಯೇ ಆ ಕೆಲಸವನ್ನು ಹಗುರ ಮಾಡಿ ಆಡಿದೆನೆಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ದೊಡ್ಡಮ್ಮ ಜಗುಲಿಯಿಂದ ಪಟ್ಟಿ ಎತ್ತಿಕೊಟ್ಟಳು. "ಇವತ್ತು ಇಲ್ಲೇ ಇರು, ಮುದ್ದೆ ಉಂಡು ಮಲಿಕ್ಕೋ" ಎಂದಳು.

ಬೆಳಿಗ್ಗೆ ನಾನು ಕಾಫಿ ಕುಡಿಯುವಷ್ಟರಲ್ಲಿ ಅವಳ ಸ್ನಾನ ಆಗಿತ್ತು. ಹಣೆ ತುಂಬ ವಿಭೂತಿ ಬಳಿದುಕೊಂಡು, ಗಂಡನನ್ನೂ ಮಗನನ್ನೂ ಏನೋ ಕೆಲಸ ಹೇಳಿ ತೋಟಕ್ಕೆ ಅಟ್ಟಿ, ಚಾಪೆ ಹಾಸಿ ಕೂತಳು. "ಎಲ್ಲಿ, ಕೇಳು. ಹೇಳ್ತೀನಿ."

ನನಗೆ ಮತ್ತೆ ಅವಳು ಏನಾದರೂ ರಿಪೇರಿ ಮಾಡಿಯಾಳು ಎಂಬ ಭಯ. ಅದಕ್ಕೇ ಮೊದಲೇ ಕಟ್ಟುನಿಟ್ಟು ಮಾಡಿದೆ. "ವಾಕ್ಯ ಮಾತ್ರ ಹೇಳು ದೊಡ್ಡಮ್ಮ. ಹಿಂದೊಂದು ಮುಂದೊಂದು ಏನೂ ಸೇರಿಸಬೇಡ. ಒಂದು ಮಾತು ಹೆಚ್ಚಾದರೂ ಕೆಟ್ಟುಹೋಗುತ್ತೆ."

"ಆಯ್ತು ಬುಡು."

'ಅವನು ಮರದಿಂದ ಬಿದ್ದನು' ಎಂದೆ. ಅವಳು ಕಣ್ಣು ಮುಚ್ಚಿ, "ನಾನು ಮರದಿಂದ ಬಿದ್ದೆ" ಎಂದಳು.

'ಅವಳು ಏಣಿಯಿಂದ ಬಿದ್ದಳು.' "ನಾನು ಏಣಿಯಿಂದ ಬಿದ್ದೆ." 'ಅವನು ಅವಳನ್ನು ತಳ್ಳಿದನು.' "ನನ್ನ ತಳ್ಳುದ್ರು." 'ನಾಯಿ ಹುಡುಗನನ್ನು ಕಚ್ಚಿತು.' "ನಂಗೆ ನಾಯಿ ಕಚ್ತು." 'ಮುದುಕಿ ನೀರಿನಲ್ಲಿ ಮುಳುಗಿದಳು.' "ನಾನು ನೀರಲ್ಲಿ ಮುಳುಗ್ದೆ." 'ಎಮ್ಮೆ ಸತ್ತಿತು' ಎಂದಾಗ ಹಣೆಯ ವಿಭೂತಿ ಮುಟ್ಟಿಕೊಂಡು, "ನಾನು ಸತ್ತೆ" ಎಂದಳು.

ಎಲ್ಲ ಕಡೆ 'ನಾನು' ಬರುತ್ತಿರುವುದು ನನಗೆ ಕೇಳಿಸದೆ ಇರಲಿಲ್ಲ. ಆದರೆ ಆಸೆ ನೋಡಿ, ಹರಿಯುವ ಬಾಯನ್ನು ನಿಲ್ಲಿಸಿದರೆ ಎಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಾಳೋ ಎಂದು ಸುಮ್ಮನಿದ್ದೆ. 'ಬಿದ್ದೆ' ಎಂಬುದನ್ನು 'ಬಿದ್ದ' ಮಾಡಲು ಪೆನ್ಸಿಲ್ ಸಾಕು ಅಂದುಕೊಂಡೆ. ಬಿಸಿಲೇರುವ ಹೊತ್ತಿಗೆ ಪಟ್ಟಿ ಮುಗಿಯಿತು. ದೊಡ್ಡಮ್ಮ ಎದ್ದು ಒಂದು ಚೊಂಬು ನೀರು ಕುಡಿದಳು. ನಾನು ಕುಣಿಯುತ್ತಾ ಬಸ್ಸು ಹತ್ತಿದೆ.

ಎರಡು ತಿಂಗಳು ಬರೆದು, ಅಧ್ಯಾಯವನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ಗೈಡ್ ಮುಂದೆ ಇಟ್ಟೆ. ನಾನು ಪ್ರಾಮಾಣಿಕಳೆಂದು ತೋರಿಸಿಕೊಳ್ಳಲು ನಾನು ತಿದ್ದಿದ ವಾಕ್ಯಗಳ ಪಕ್ಕದಲ್ಲಿ ದೊಡ್ಡಮ್ಮ ಆಡಿದ ಮೂಲ ವಾಕ್ಯಗಳನ್ನೂ ಕೊಟ್ಟಿದ್ದೆ. ಅವರು ಓದುತ್ತಾ ಹೋದಂತೆ ಕನ್ನಡಕ ಕೆಳಗಿಳಿಯಿತು.

"ಏನಮ್ಮಾ ಇದು, ನೂರು ವಾಕ್ಯಕ್ಕೂ ಒಬ್ಬರೇ ಗತಿಯಾ? ಬಿದ್ದವರೂ ಇವರೇ, ಮುಳುಗಿದವರೂ ಇವರೇ, ಸತ್ತವರೂ ಇವರೇ. ಸತ್ತ ಮೇಲೆ ಮತ್ತೆ ಬಸ್ಸಿನಿಂದ ಗುದ್ದಿಸಿಕೊಂಡಿದ್ದಾರೆ!"

"ಪುರುಷ ಒಂದು ಬದಲಾಗಿದೆ ಅಷ್ಟೇ ಸರ್, ನಾನು ತಿದ್ದಿ..."

"ನೀವು ತಿದ್ದಿದರೆ ಅದು ನಿಮ್ಮ ಮಾತು, ಅವರದಲ್ಲ. ಎಷ್ಟೋ ಭಾಷೆಗಳಲ್ಲಿ 'ನಾನು' ನಡೆದುಕೊಳ್ಳುವ ರೀತಿಯೇ ಬೇರೆ, 'ಅವನು' ನಡೆದುಕೊಳ್ಳುವ ರೀತಿಯೇ ಬೇರೆ. ಅದು ನಿಮಗೂ ಗೊತ್ತು. ಉಳಿದವರೆಲ್ಲ 'ಅವನು' ತಂದಿರುವಾಗ ನಿಮ್ಮ 'ನಾನು'ವನ್ನು ಯಾವುದರ ಪಕ್ಕ ಇಡಲಿ? ಜೊತೆಗೆ ಇಲ್ಲಿ ನೋಡಿ, 'ನನ್ನ ತಳ್ಳುದ್ರು', 'ನಂಗೆ ಹೊಡೆದ್ರು'. ತಳ್ಳಿದ್ದು ಯಾರು, ಹೊಡೆದದ್ದು ಯಾರು? ಎಲ್ಲೂ ಇಲ್ಲ. ಕರ್ತೃವಿನ ಮೇಲೆ ಪ್ರಬಂಧ ಬರೆಯುತ್ತಾ ಮಾಡಿದವರನ್ನೇ ಬಚ್ಚಿಟ್ಟಿದ್ದೀರಲ್ಲ!" ಪುಟಗಳನ್ನು ನನ್ನ ಕಡೆ ತಳ್ಳಿದರು. "ಮತ್ತೆ ಹೋಗಿ ಕೇಳಿ. ಒಂದು ತಿಂಗಳು ಇದೆ."

ರೈಲಿನಲ್ಲಿ ತಿಪಟೂರಿನವರೆಗೂ ದೊಡ್ಡಮ್ಮನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಮುಂದಿನ ಭಾನುವಾರ ಅದೇ ಪಟ್ಟಿ ಬ್ಯಾಗಿಗೆ ತುರುಕಿಕೊಂಡು ಮತ್ತೆ ಬಸ್ಸು ಹತ್ತಿದೆ. ಈ ಸಲ ಜೋರು ಮಾಡಿಯಾದರೂ 'ಅವನು' ಅನ್ನಿಸಿಯೇ ಬರುವುದು ಎಂದು ನಿಶ್ಚಯವಾಗಿತ್ತು.

ಬಸ್ ಸ್ಟಾಪಿಗೆ ಬೈಕಿನಲ್ಲಿ ತಮ್ಮ ಬಂದಿದ್ದ. ಹತ್ತಿ ಕೂತ ಕೂಡಲೇ ದೂರು ಶುರು ಮಾಡಿದ.

"ಅಕ್ಕಾ, ಅಮ್ಮಂಗೆ ಏನೋ ಆಗೈತೆ. ನೀನಾದ್ರೂ ಕೇಳು. ಅಟ್ಟದಾಗೆ ಕಾಯಿ ಹಂಗೇ ಕೂತೈತೆ, ಇಳಿಸೋಕೆ ಬುಡ್ತಿಲ್ಲ. ಅವಳು ಏಣಿ ಹತ್ತಲ್ಲ, ನಮಗೆ ಅದು ಗೊತ್ತಾಗಲ್ಲ."

ಅದು ಎಂದರೆ ಕಾಯಿಯ ಸದ್ದು. ನಮ್ಮ ಕಡೆ ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಒಳಗೇ ಲೊಟಲೊಟ ಎನ್ನುತ್ತದೆ. ಆದರೆ ಎಷ್ಟು ಲೊಟಲೊಟ ಅಂದಾಗ ಇಳಿಸಬೇಕು ಎಂಬುದು ಕಿವಿಯ ವಿದ್ಯೆ. ಆ ಮನೆಯಲ್ಲಿ ಆ ಕಿವಿ ಇದ್ದದ್ದು ದೊಡ್ಡಮ್ಮನಿಗೆ ಮಾತ್ರ. ಪ್ರತಿ ವರ್ಷ ತಾನೇ ಅಟ್ಟ ಹತ್ತಿ, ಮೂಲೆ ಮೂಲೆಯಿಂದ ಕಾಯಿ ಎತ್ತಿ ಕಿವಿಗಿಟ್ಟು ತೀರ್ಪು ಕೊಡುತ್ತಿದ್ದಳು.

"ಅದೊಂದೇ ಅಲ್ಲಕ್ಕಾ. ಕೆರೆ ಏರಿ ಮ್ಯಾಲೆ ಬಾ ಅಂದ್ರೆ ಬರಲ್ಲ. ನಮ್ಮನೆ ನಾಯಿ ಕಂಡ್ರೂ ಕೋಲು ತಗಂತಾಳೆ. ನೀನು ಬಂದು ಹೋದಾಗಿಂದ ಹಿಂಗೇ. ಸೋಮವಾರ ತಿಪಟೂರಿಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗವ ಅಂದ್ರೆ, ಬಸ್ಸಿನ ತಾವಕ್ಕೂ ಬರಲ್ಲ ಅಂತಾಳೆ. ವಯಸ್ಸಾಯ್ತೇನೋ."

ಅವನು ಹೇಳಿದ ಒಂದೊಂದೂ ನನ್ನ ಬ್ಯಾಗಿನಲ್ಲಿತ್ತು. ಏಣಿಯಿಂದ ಬಿದ್ದಳು. ನೀರಿನಲ್ಲಿ ಮುಳುಗಿದಳು. ನಾಯಿ ಕಚ್ಚಿತು. ಬಸ್ಸು ಮುದುಕನಿಗೆ ಗುದ್ದಿತು. ಎರಡು ತಿಂಗಳಿಂದ ದೊಡ್ಡಮ್ಮ ನನ್ನ ಪಟ್ಟಿಯಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದಳು.

ಮನೆಗೆ ಹೋದಾಗ ಅವಳು ಅಡುಗೆಮನೆಯಲ್ಲಿದ್ದಳು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಒಲೆಯಿಂದ ಮಾರು ದೂರ ನಿಂತು, ಉದ್ದ ಹಿಡಿಯ ಸೌಟಿನಲ್ಲಿ ಸಾರು ತಿರುವುತ್ತಿದ್ದಳು. ಸೀರೆಗೆ ಬೆಂಕಿ ತಗಲುವ ವಾಕ್ಯವೂ ಪಟ್ಟಿಯಲ್ಲಿತ್ತು. ನನ್ನನ್ನು ನೋಡಿ ಮುಖ ಅರಳಿತು. "ಬಂದ್ಯೇನೇ? ನಿನ್ ಪರೀಕ್ಷೆ ಆಯ್ತಾ?"

"ದೊಡ್ಡಮ್ಮ, ಅವತ್ತು ಎಲ್ಲದರಲ್ಲೂ ನಾನು ನಾನು ಅಂತ ಯಾಕೆ ಅಂದೆ?"

"ಇನ್ನ್ಯಾರನ್ನ ಬೀಳಿಸ್ಲಿ?" ಇದೂ ಒಂದು ಪ್ರಶ್ನೆಯೇ ಎನ್ನುವಂತೆ ನೋಡಿದಳು. "ಅವ್ನು ದಿನಾ ಮರ ಹತ್ತೋನು. ಅ‍ವ್ರಿಗೆ ಮಂಡಿ ನೋವು. ನೀನು ಬಸ್ಸು ರೈಲು ಅಂತ ಓಡಾಡೋಳು. ಬೀಳೋಕೆ ಒಬ್ರು ಬೇಕಿತ್ತಲ್ಲ ನಿಂಗೆ. ನಾನಾದ್ರೆ ಮನೇಲೇ ಇರ್ತೀನಿ, ಹುಷಾರಾಗಿದ್ರಾಯ್ತು ಅನ್ಕಂಡೆ."

"ಅಷ್ಟು ಭಯ ಇದ್ದರೆ, ಹೇಳಿದ ಮೇಲೆ ಒಂದು ಸಲ 'ಬಿಡ್ತು' ಅಂದಿದ್ದರೆ ಆಗ್ತಿರಲಿಲ್ಲವಾ?"

ಬಾಯಿ ತಪ್ಪಿ ಕೆಟ್ಟ ಮಾತು ಬಂದರೆ ಕೂಡಲೇ 'ಬಿಡ್ತು' ಎಂದುಬಿಡುವುದು ನಮ್ಮಲ್ಲಿ ವಾಡಿಕೆ. ಅಂದ ತಕ್ಷಣ ಆಡಿದ್ದು ರದ್ದಾಗುತ್ತದೆ, ದೇವತೆಗಳೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೂಸುಗಳಿಗೂ ಗೊತ್ತಿರುವ ಉಪಾಯ ಇದು.

"ನೀನೇ ಅಲ್ವೇನೇ ಅಂದಿದ್ದು? ಒಂದು ಮಾತು ಸೇರಿಸಿದ್ರೂ ಕೆಟ್ಟೋಯ್ತದೆ ಅಂತ. ನಾನು ಬುಡ್ತು ಅಂದು ನಿನ್ ನಾಲ್ಕು ವರ್ಷ ಕೆಟ್ಟೋದ್ರೆ?"

ನನಗೆ ನಾಚಿಕೆಯಾಯಿತು. ಹಾಗೆಂದರೆ ಸಾಲದು, ನನ್ನ ಮೇಲೇ ಅಸಹ್ಯವಾಯಿತು. ನೂರು ವಾಕ್ಯ ಹೇಳುವಾಗಲೂ ಆ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿರುತ್ತದೆ. ನೂರು ಸಲವೂ ನುಂಗಿಕೊಂಡಿದ್ದಾಳೆ. ನಾನು ಎದುರಿಗೇ ಕೂತು ಮೊಬೈಲಿನ ಚಾರ್ಜು ಎಷ್ಟಿದೆ ಎಂದು ನೋಡುತ್ತಿದ್ದೆ.

ಬ್ಯಾಗಿನಲ್ಲಿದ್ದ ಪಟ್ಟಿಯನ್ನು ಹೊರಗೆ ತೆಗೆಯಲಿಲ್ಲ. ಚಾಪೆ ಹಾಸಿ ದೊಡ್ಡಮ್ಮನನ್ನು ಕೂರಿಸಿ, ಮೊಬೈಲಿನಲ್ಲಿ ಆವತ್ತಿನ ರೆಕಾರ್ಡಿಂಗ್ ಹಾಕಿದೆ. 'ನಾನು ಮರದಿಂದ ಬಿದ್ದೆ' ಎಂದಿತು ಮೊಬೈಲು. ನಿಲ್ಲಿಸಿದೆ.

"ಈಗ ಅನ್ನು ದೊಡ್ಡಮ್ಮ."

"ಕೆಡಲ್ವಾ?"

"ಇಲ್ಲ. ಅನ್ನು."

"ಬುಡ್ತು" ಎಂದಳು ಮೆಲ್ಲಗೆ. ಎರಡನೆಯದಕ್ಕೆ ಸ್ವಲ್ಪ ಜೋರಾಗಿ. ಹತ್ತನೆಯದರ ಹೊತ್ತಿಗೆ ಬೆನ್ನು ನೆಟ್ಟಗಾಗಿತ್ತು. 'ನಾನು ಸತ್ತೆ' ಬಂದಾಗ ಅವಳಿಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ "ಬುಡ್ತು ಬುಡ್ತು!" ಎಂದು ಕೂಗಿದರು. ಅವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ಗೊತ್ತಿಲ್ಲ. ಮಂಡಿ ನೋವಿನವರು ನೆಲಕ್ಕೆ ಕೂತು, ಹೆಂಡತಿ ತನ್ನ ಬಾಯಲ್ಲೇ ತನಗೆ ತಂದುಕೊಂಡ ಕೇಡುಗಳನ್ನೆಲ್ಲ ಒಂದೊಂದಾಗಿ ಕೇಳಿದರು. ಕೊನೆಗೆ, "ಒಂದನ್ನಾದ್ರೂ ನನ್ ಮ್ಯಾಲೆ ಹಾಕಬಾರ್ದಾಗಿತ್ತಾ?" ಎಂದರು. ದೊಡ್ಡಮ್ಮ ಅವರ ಕಡೆ ನೋಡದೆ, "ಸಾರು ಆರೋಯ್ತದೆ, ಏಳ್ರಿ" ಎಂದಳು.

ಊಟವಾದ ಮೇಲೆ ಏಣಿ ತರಿಸಿದಳು. ತಮ್ಮ ಒಂದು ಕಡೆ, ನಾನೊಂದು ಕಡೆ ಹಿಡಿದುಕೊಂಡೆವು. ಅವಳು ಹತ್ತಿ ಅಟ್ಟದೊಳಗೆ ಮಾಯವಾದಳು. ಕಾಯಿಗಳನ್ನು ಅಲ್ಲಾಡಿಸುವ ಸದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಬೈಗುಳ ಕೇಳಿಸಿತು. "ಹದಿನೈದು ದಿನದ ಹಿಂದೆನೇ ಆಗೈತೆ ಕಣ್ಲಾ, ಏನ್ ನೋಡ್ಕಂಡು ಕೂತಿದ್ರಿ!"

ನನ್ನ ಪ್ರಬಂಧಕ್ಕೆ ಬೇಕಾದ 'ಅವನು'ಗಳನ್ನು ಕೊನೆಗೆ ಕೊಟ್ಟವರು ತುರುವೇಕೆರೆಯ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಅವರಿಗೆ ಯಾವ ದೇವತೆಗಳ ಹಂಗೂ ಇರಲಿಲ್ಲ. ಹೋಟೆಲಿನಲ್ಲಿ ಎರಡು ಕಾಫಿ ಮುಗಿಸುವಷ್ಟರಲ್ಲಿ ಇಡೀ ಪಟ್ಟಿಯ ಜನರನ್ನು ಕೆಡವಿ, ಮುಳುಗಿಸಿ, ನಾಯಿಗೆ ಕೊಟ್ಟು, "ಇಷ್ಟೇನಾ ಮೇಡಂ?" ಎಂದು ಕೇಳಿದರು. ಅಧ್ಯಾಯ ನೆಟ್ಟಗಾಯಿತು. ದೊಡ್ಡಮ್ಮನ ವಾಕ್ಯಗಳನ್ನು ಕೊನೆಯಲ್ಲಿ ಅನುಬಂಧವಾಗಿ ಸೇರಿಸಬಹುದೆಂದು ಗೈಡ್ ಒಪ್ಪಿದರು. ಉತ್ತಮ ಪುರುಷದ ಉದಾಹರಣೆಗಳು ಮುಂದೆ ಯಾರಿಗಾದರೂ ಬೇಕಾಗಬಹುದು ಎಂದರು.

ಅದನ್ನು ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಹಿಗ್ಗಿದಳು. ಮರುಗಳಿಗೆಯೇ ಅವಳ ದನಿ ಇಳಿಯಿತು.

"ಅಚ್ಚಾದ್ಮೇಲೆ ಯಾರಾದ್ರೂ ಅದನ್ನ ಗಟ್ಟಿಯಾಗಿ ಓದಿದ್ರೆ?"

ಭಾಷಾವಿಜ್ಞಾನದ ಪ್ರಬಂಧಗಳನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ, ಮೆಲ್ಲಗೂ ಓದುವುದಿಲ್ಲ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಅನುಬಂಧದ ಕೊನೆಯ ವಾಕ್ಯದ ಕೆಳಗೆ, ಕ್ರಮಸಂಖ್ಯೆ ಇಲ್ಲದೆ, ಒಂದೇ ಪದದ ಒಂದು ಸಾಲು ಸೇರಿಸಿದೆ. ಬಿಡ್ತು.

ಗೈಡ್ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಕೆಂಪು ಪೆನ್ನಿನಲ್ಲಿ ಅದರ ಸುತ್ತ ಒಂದು ಸುತ್ತು ಹಾಕಿದರು.

"ಇದು ಪಟ್ಟಿಯಲ್ಲಿ ಇಲ್ಲ. ತೆಗೆದುಬಿಡಿ. ಪರೀಕ್ಷಕರು ಇದೇನೆಂದು ಕೇಳಿದರೆ ಕಷ್ಟ."

"ತೆಗೆಯಲ್ಲ ಸರ್."

ನಾಲ್ಕು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ತಲೆ ಎತ್ತಿ ನೋಡಿದರು.

"ಒಂದು ಪದಕ್ಕೋಸ್ಕರ ಪ್ರಬಂಧ ವಾಪಸ್ ಬಂದರೆ ಏನು ಮಾಡ್ತೀರಿ?"

"ಬರಲಿ ಸರ್. ಆ ಸಾಲು ತೆಗೆದು, ನಾಳೆ ನಮ್ಮ ದೊಡ್ಡಮ್ಮನಿಗೆ ಏನಾದರೂ ಹೆಚ್ಚುಕಡಿಮೆ ಆದರೆ..." ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ. ಆಮೇಲೆ, ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ, ಅವರ ಎದುರಿಗೇ, ಗಟ್ಟಿಯಾಗಿ "ಬಿಡ್ತು" ಎಂದೆ.

ಗೈಡ್ ಆ ಸಾಲನ್ನು ಹಾಗೇ ಬಿಟ್ಟು, ಕೆಂಪು ಪೆನ್ನಿನ ಮುಚ್ಚಳ ಹಾಕಿದರು.